ಅಭಿಮನ್ಯುವನ್ನು ಕಂಡವರ ಅಳಲು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಚಂಡೆಯ ದನಿ ಏಳತೊಡಗಿತೆಂದರೆ, ‘ಅಭಿಮನ್ಯು ಕಾಳಗ’ವನ್ನು ನೋಡದೆ ನಮಗೆ ವರುಷ ಕಳೆಯದು. ಆ ಬಾಲವೀರನಿಗಾಗಿ ಮರುಗದ ಪ್ರೇಕ್ಷಕನಿಲ್ಲ. ಆದರೆ ಅವನನ್ನು ಸುತ್ತುವರಿದು ನಿಂತವರ ಮನಸ್ಸು ಆಮೇಲೆ ಏನಾಯಿತೆಂದು ನಾವು ಕೇಳಿದುದುಂಟೇ?

ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದುದು ಯಾವ ಗ್ರಂಥವೂ ಅಲ್ಲ. ನೆರೆಯ ನಿವೃತ್ತ ಯೋಧರೊಬ್ಬರು. 1987ರಲ್ಲಿ ಶ್ರೀಲಂಕೆಗೆ ಹೋದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ಅವರಿದ್ದರು. ಆಟವೆಂದರೆ ಅವರಿಗೆ ಪ್ರಾಣ. ಆದರೂ ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕನೆಂದರೆ ಎದ್ದುಹೋಗಿ, ಗದ್ದೆಯಂಚಿನ ಚಹದಂಗಡಿಯಲ್ಲಿ ರಂಗಸ್ಥಳಕ್ಕೆ ಬೆನ್ನುಹಾಕಿ ಕುಳಿತುಬಿಡುತ್ತಾರೆ. ಕಾರಣವನ್ನು ಒಮ್ಮೆ ಮಾತ್ರ ಹೇಳಿದರು: “ಹ್ವಾಯ್ ಮಾಷ್ಟ್ರೆ, ಕೋವಿ ಹಿಡ್ಕಂಡ್ ನಿಂತದ್ದ್ ಬರೀ ಮಾಣಿ ಕಾಣಿ.” ಮುಂದೇನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಎಲ್.ಟಿ.ಟಿ.ಇ. ಸಂಘಟನೆಯು ಬಾಲಕಬಾಲಕಿಯರ ಕೈಗೂ ಕೋವಿ ಕೊಟ್ಟುದು ಲೋಕವಿದಿತ. 1990ರ ಮಾರ್ಚಿನಲ್ಲಿ ನಮ್ಮ ಪಡೆ ಮರಳುವ ಹೊತ್ತಿಗೆ ಸುಮಾರು 1,200 ಯೋಧರು ಮಡಿದಿದ್ದರು. ಮಡಿದವರ ಲೆಕ್ಕವಿದೆ, ಮರಳಿದವರ ಮನದಳಲಿನ ಲೆಕ್ಕವನ್ನಿಟ್ಟವರಾರು?

ಎದುರಾಳಿಯನ್ನು ಕಂಡೊಡನೆ ನಿರ್ಧರಿಸುವುದೇ ಯೋಧನ ಶಿಕ್ಷಣದ ಸಾರ. ಎದುರಾಳಿ ಮಗುವಾದಾಗಲಾದರೋ ಕೈಗೊಂದು ಆಜ್ಞೆ, ಕರುಳಿಗೊಂದು ಆಜ್ಞೆ. ಗುಂಡು ಹಾರಿಸಿದರೆ ಶಿಶುಹತ್ಯೆಯ ನೆನಪು. ಹಿಂಜರಿದರೆ ಪಕ್ಕದ ಜೊತೆಗಾರನ ಹೆಣ. ಇದು ಭಯದಿಂದಾದ ಗಾಯವಲ್ಲ, ಧರ್ಮಬುದ್ಧಿಗೆ ತಗಲಿದ ಗಾಯ. ವಿಯೆಟ್ನಾಮಿನಿಂದ ಮರಳಿದವರ ಇಂಥ ಗಾಯವನ್ನು ಅರಿಯಲು ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಹೋಮರನ ‘ಇಲಿಯಡ್’ ಕಾವ್ಯವನ್ನು ಆಶ್ರಯಿಸಿ 1994ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ವರುಷ ರುವಾಂಡದಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿದ್ದ ಕೆನಡದ ರೋಮಿಯೊ ಡಲೇರ್, ಕೊಲ್ಲುವ ಮಕ್ಕಳನ್ನೂ ಕೊಲೆಯಾದ ಮಕ್ಕಳನ್ನೂ ಕಂಡು, ಜರ್ಜರಿತ ಮನಸ್ಸಿನಿಂದ ಮರಳಿದರು. ಸೇನಾನಿಯಾಗಿಯೂ ಅದನ್ನು ಮುಚ್ಚಿಡದೆ ಲೋಕಕ್ಕೆ ಹೇಳಿದರು.

ನಾವು ಹೋಮರನವರೆಗೆ ಹೋಗಬೇಕಾದುದಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ಅಭಿಮನ್ಯುವಿನ ಶವದ ಮುಂದೆ ನಿಲ್ಲುತ್ತಾನೆ. ಹಗೆಯ ಮಗನೆಂದು ಮುಖ ತಿರುಗಿಸುವುದಿಲ್ಲ. ಅಂಥ ಮರಣದ ಒಂದಂಶವಾದರೂ ತನಗೆ ಒದಗಲೆಂದು ವಿನಯದಿಂದ ಬೇಡುತ್ತಾನೆ. ತನ್ನ ಮಗ ಲಕ್ಷಣಕುಮಾರನ ಶವವನ್ನೂ ಅದೇ ನೆಲದಲ್ಲಿ ಕಾಣುತ್ತಾನೆ. ತರಗತಿಯಲ್ಲಿ ಇದನ್ನು ‘ದುರ್ಯೋಧನನ ಔದಾರ್ಯ’ವೆಂದು ಟಿಪ್ಪಣಿ ಬರೆಸಿ ಮುಂದೆ ಸಾಗುತ್ತೇವೆ. ನಾನೂ ಹಾಗೆಯೇ ಬರೆಸಿದ್ದೇನೆ. ಆದರೆ ಅಲ್ಲಿ, ಕೊಲ್ಲಿಸಿದವನೇ ಬಾಲಕನ ಮುಂದೆ ನಿಂತು ತನಗೆ ಸಾವನ್ನು ಬೇಡುತ್ತಿದ್ದಾನೆ. ಅದನ್ನು ಬರಿಯ ಔದಾರ್ಯವೆಂದರೆ ಸಾಕೇ?

ಮೊದಲ ಕನಿಕರ ಮಕ್ಕಳಿಗೆ ಸಲ್ಲಬೇಡವೇ ಎನ್ನುವವರುಂಟು. ಸಲ್ಲಲೇಬೇಕು. ಆದರೆ ಇವೆರಡು ಬೇರೆಯಲ್ಲ. ಬಾಲಯೋಧರ ನೇಮಕವನ್ನು ತಡೆಯಲೆಂದು 2017ರಲ್ಲಿ ರೂಪುಗೊಂಡ ವ್ಯಾಂಕೂವರ್ ತತ್ತ್ವಗಳು, ಅವರನ್ನು ಎದುರಿಸುವ ಸೈನಿಕರ ಮಾನಸಿಕ ಸ್ವಾಸ್ಥ್ಯವನ್ನೂ ಮರೆತಿಲ್ಲ. ಮನಸ್ಸು ಸ್ವಸ್ಥವಾಗಿರುವ ಯೋಧನೇ ಮಗುವನ್ನು ಮಗುವೆಂದು ಗುರುತಿಸಬಲ್ಲನು.

ಮರಳಿದ ಯೋಧನಿಗೆ ನಾವು ಹಾರ ಹಾಕುತ್ತೇವೆ. ಶಾಲೆಯ ವೇದಿಕೆಯಲ್ಲಿ ಪರಾಕ್ರಮದ ಕತೆ ಹೇಳಿರೆನ್ನುತ್ತೇವೆ. ಪರಾಕ್ರಮವಲ್ಲದ ಕತೆಯನ್ನು ಹೇಳಲು ಅವನಿಗೆ ಎಡೆಯೆಲ್ಲಿ? ವೈದ್ಯರು ಬೇಕು, ಸರಕಾರದ ನೆರವು ಬೇಕು. ಅದಕ್ಕೂ ಮೊದಲು ಊರಿನಲ್ಲಿ ಕೇಳುವ ಕಿವಿ ಬೇಕು. ಮುಂದಿನ ಆಟದ ರಾತ್ರಿ ಆ ಹಿರಿಯರು ಎದ್ದಾಗ ನಾನೂ ಅವರೊಡನೆ ಚಹದಂಗಡಿಗೆ ಹೋಗುವೆನು. ಅಂದು ಕೇಳದೆ ಬಿಟ್ಟುದನ್ನು ಕೆದಕುವುದಕ್ಕಲ್ಲ. ಅವರಿಗೆ ಹೇಳಬೇಕೆನಿಸಿದರೆ ಕೇಳುವವನೊಬ್ಬನು ಪಕ್ಕದಲ್ಲಿರಲೆಂದು.