ಉಪ್ಪುನೀರಿಗೆ ಬಾಗಿಲು ಹಾಕಿದವರು

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ದಾರಿಯಲ್ಲಿ ದೊಡ್ಡ ಅಣೆಕಟ್ಟು ಯಾವುದನ್ನೂ ಕಾಣದೆ ಬರುವ ನದಿಯಿದು. ಕಡಲ ಸಮೀಪ ಅಗಲವಾಗಿ ಹರಡಿ ಅಳಿವೆಯಾಗುತ್ತದೆ. ಭರತದ ಹೊತ್ತಿಗೆ ಉಪ್ಪುನೀರು ಒಳಗೆ ಏರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಈ ನೀರಿನ ಅಂಚಿನಲ್ಲೇ ಇಲ್ಲಿನ ಜನ ತಲೆತಲಾಂತರದಿಂದ ಭತ್ತ ಬೆಳೆದಿದ್ದಾರೆ. ಆ ಗದ್ದೆಗಳಿಗೆ ಗಜನಿ ಎಂದು ಹೆಸರು. ಅಲ್ಲಿನ ಭತ್ತದ ತಳಿ ಕಗ್ಗ.

ಉಪ್ಪುನೀರಿನಲ್ಲಿ ಭತ್ತ ಹೇಗೆ ಬದುಕುತ್ತದೆ? ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರನ್ನು ಹೀರಲಾರದು. ಪಾಠದಲ್ಲಿ ಓದಿದ ಅಭಿಸರಣೆಯನ್ನು ನೆನಪಿಸಿಕೊಳ್ಳಿ. ಸುತ್ತಲೂ ನೀರಿದ್ದರೂ ಸಸಿ ಬಾಯಾರಿ ಒಣಗುತ್ತದೆ. ಕಗ್ಗ ಸಾಮಾನ್ಯ ಭತ್ತಕ್ಕಿಂತ ಹೆಚ್ಚು ಉಪ್ಪನ್ನು ತಾಳಿಕೊಳ್ಳುತ್ತದೆ. ಎತ್ತರವಾಗಿ ಬೆಳೆಯುವುದರಿಂದ ನೆರೆ ಬಂದು ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಆದರೂ ಅದು ಅಚ್ಚ ಕಡಲ ನೀರಿನ ಬೆಳೆಯಲ್ಲ. ಉಳಿದ ಕೆಲಸವನ್ನು ಮಾಡುವುದು ಮಳೆ, ಕಟ್ಟೆ ಮತ್ತು ಒಂದು ಹಲಗೆ ಬಾಗಿಲು.

ಗಜನಿಯ ಸುತ್ತ ಕಟ್ಟೆಯಿದೆ, ಕಟ್ಟೆಯಲ್ಲಿ ನೀರಿನ ಬಾಗಿಲಿದೆ. ಮಳೆಗಾಲ ಶುರುವಾದಾಗ ಭರತದ ವೇಳೆ ಬಾಗಿಲು ಮುಚ್ಚಿ ಉಪ್ಪುನೀರನ್ನು ತಡೆಯುತ್ತಾರೆ. ಇಳಿತದಲ್ಲಿ ತೆರೆದು, ಮಣ್ಣಿನ ಉಪ್ಪನ್ನು ತೊಳೆದುಕೊಂಡ ಮಳೆನೀರನ್ನು ಹೊರಗೆ ಬಿಡುತ್ತಾರೆ. ಆಮೇಲೆ ಮೊಳಕೆ ಬಂದ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಅಕ್ಟೋಬರ್ ಹೊತ್ತಿಗೆ ಕೊಯ್ಲು. ಕೊಯ್ಲಾದ ಮೇಲೆ ಅದೇ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಕರೆಯುತ್ತಾರೆ. ನೀರಿನೊಡನೆ ಸಿಗಡಿ, ಮೀನು, ಏಡಿಗಳ ಮರಿಗಳು ಬಂದು ಕೊಳೆತ ಕೂಳೆಯ ನಡುವೆ ಬೆಳೆಯುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಊಟಕ್ಕೂ ಆಯಿತು, ಮಾರಾಟಕ್ಕೂ ಆಯಿತು. ಗದ್ದೆಯಲ್ಲಿ ಉಳಿದ ಕೊಳೆ ಮುಂದಿನ ಬೆಳೆಗೆ ಗೊಬ್ಬರ.

ಇದೇ ಅಳಿವೆಯ ನೀರನ್ನು ಸಾಣಿಕಟ್ಟಾದಲ್ಲಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಈ ಕರಾವಳಿಯವರಿಗೆ ಉಪ್ಪು ಬದುಕಿನ ಪ್ರಶ್ನೆಯೂ ಆಗಿತ್ತು, ಸ್ವಾತಂತ್ರ್ಯದ ಪ್ರಶ್ನೆಯೂ ಆಯಿತು. ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರದಲ್ಲಿ, 1930ರ ಏಪ್ರಿಲ್ 13ರಂದು, ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಕಾನೂನು ಮುರಿದರು.

ಗಜನಿಯಲ್ಲಿ ಯಾರೂ ಒಬ್ಬರೇ ಬೇಸಾಯ ಮಾಡಲಾಗದು. ಕಟ್ಟೆ ಒಂದು ಕಡೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಅದಕ್ಕೇ ಹಿಂದೆ ಪ್ರತಿವರ್ಷ ಊರವರೆಲ್ಲ ಸೇರಿ ಮಣ್ಣಿನ ಕಟ್ಟೆಯನ್ನು ದುರಸ್ತಿ ಮಾಡುತ್ತಿದ್ದರು. 1970ರ ದಶಕದಲ್ಲಿ ಸರಕಾರವೇ ಗಟ್ಟಿ ಕಟ್ಟೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಕಟ್ಟೆ ಸರಕಾರದ್ದಾದ ಮೇಲೆ ಊರವರು ಒಟ್ಟಾಗಿ ದುಡಿಯುವ ರೂಢಿ ಸಡಿಲವಾಯಿತು. ಮುಂದೆ ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಎಷ್ಟೋ ಗಜನಿಗಳಲ್ಲಿ ಮಳೆಗಾಲದಲ್ಲೂ ಉಪ್ಪುನೀರು ನಿಂತಿತು. ಭತ್ತ ಹಿಂದೆ ಸರಿಯಿತು. 1990ರ ದಶಕದ ನಡುವಿನಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ತಗುಲಿ ದೇಶದ ಕರಾವಳಿಯಲ್ಲೆಲ್ಲ ಸಾಕಣೆದಾರರು ನಷ್ಟಕ್ಕೊಳಗಾದರು. ಅಷ್ಟರಲ್ಲಿ ಬಹಳ ಮನೆಗಳಲ್ಲಿ ಕಗ್ಗದ ಬೀಜವೇ ಇರಲಿಲ್ಲ. ಭತ್ತದ ಬೀಜವನ್ನು ಹಣದಂತೆ ಪೆಟ್ಟಿಗೆಯಲ್ಲಿಟ್ಟು ಮರೆಯಲಾಗದು. ಕರಾವಳಿಯ ತೇವದಲ್ಲಿ ಒಂದೆರಡು ಮಳೆಗಾಲ ಬಿತ್ತದೆ ಬಿಟ್ಟರೆ ಅದರ ಮೊಳೆಯುವ ಶಕ್ತಿ ಕುಂದುತ್ತದೆ.

ಮಾಣಿಕಟ್ಟಾದಂಥ ಕೆಲವು ಊರುಗಳ ರೈತರು ಕಗ್ಗವನ್ನು ಕೈಬಿಡದೆ ಬಿತ್ತಿ ಉಳಿಸಿದ್ದಾರೆ. ಲಾಭದ ಲೆಕ್ಕ ಹಾಕಿದ್ದರೆ ಎಂದೋ ಬಿಡುತ್ತಿದ್ದರು. ಭೂಮಿ ಬಿಸಿಯಾಗಿ ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ಭತ್ತಕ್ಕಾಗಿ ಜಗತ್ತಿನ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅಂಥದೊಂದು ನಮ್ಮ ಹಿತ್ತಲಲ್ಲೇ ಇದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆನಿಸಿತು. ಅದು ಸಂತೋಷದ ಸಂಗತಿ. ಆದರೆ ಪಟ್ಟಿ ಕಟ್ಟೆ ಕಟ್ಟುವುದಿಲ್ಲ, ಬೀಜ ಬಿತ್ತುವುದಿಲ್ಲ.

ಕರಾವಳಿಯ ವಿದ್ಯಾರ್ಥಿಗಳಿಗೆ ಈ ರಜೆಗೆ ಒಂದು ಕೆಲಸ. ಹೊಳೆಯ ದಡದಲ್ಲಿ, ಹಿರಿಯರೊಬ್ಬರ ಜೊತೆಗೆ, ಗುರುತು ಹಾಕಿದ ಕೋಲೊಂದನ್ನು ನೆಡಿ. ನೀರು ಅತಿ ಎತ್ತರಕ್ಕೆ ಬಂದ ವೇಳೆಯನ್ನು ದಿನಾ ಬರೆದುಕೊಳ್ಳಿ. ಭರತ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದು ಕಾಣುತ್ತದೆ; ಅಂದರೆ ತಿಥಿಗೆ ಹೆಚ್ಚುಕಡಿಮೆ ಎರಡು ಘಳಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಮೇಲೇರುತ್ತದೆ. ಆಮೇಲೆ ಆ ಪುಸ್ತಕವನ್ನು ಅಜ್ಜನ ಮುಂದಿಟ್ಟು, ಬಾಗಿಲನ್ನು ಯಾವಾಗ ತೆರೆಯುತ್ತಿದ್ದರು, ಯಾವಾಗ ಮುಚ್ಚುತ್ತಿದ್ದರು ಎಂದು ಕೇಳಿ. ಪಾಲಕರೂ ಪಕ್ಕದಲ್ಲಿ ಕುಳಿತರೆ ಒಳ್ಳೆಯದು. ಈ ಪಾಠವನ್ನು ಕಲಿಸಬಲ್ಲ ಗುರುಗಳು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ.