ಶಿವಗಂಗೆಯ ಸುತ್ತ ನೆಡುತೋಪು: ಕಾಡುಗಿಡಕ್ಕೆ ಆಸರೆಯೋ, ಆಪತ್ತೋ?

1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ನೀಲಗಿರಿ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯೊಂದಿಗೆ ಬೆಂಗಳೂರು ಗ್ರಾಮಾಂತರದ ಹೊಲ, ಗೋಮಾಳಗಳಿಗೆ ಹಬ್ಬಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮೂಲ ಪ್ರಶ್ನೆ ಮಾತ್ರ ಹಾಗೇ ಇದೆ: ಇದೇ ಸೀಮೆಯ ಶಿವಗಂಗೆಯಂಥ ಕಲ್ಲುಬೆಟ್ಟದ ತಪ್ಪಲಲ್ಲಿ ಮರ ನೆಟ್ಟರೆ ಕಾಡುಗಿಡಗಳ ವೈವಿಧ್ಯ ಹೆಚ್ಚುತ್ತದೆಯೇ?

ಪರ: ನೆಟ್ಟ ಮರದ ನೆರಳಲ್ಲೇ ಕಾಡು ಮರಳುತ್ತದೆ

ನೀಲಗಿರಿಯ ತಪ್ಪನ್ನು ಎಲ್ಲ ನೆಡುತೋಪುಗಳ ತಲೆಗೂ ಕಟ್ಟಬಾರದು. ದನ ಕುರಿ ಮೇದು, ಸೌದೆಗೆ ಕಡಿದು, ಬೇಸಿಗೆಯ ಬೆಂಕಿಗೆ ಸಿಕ್ಕಿ ಬೋಳಾದ ಗುಡ್ಡದಲ್ಲಿ ಮೇಲ್ಮಣ್ಣೇ ಉಳಿದಿರುವುದಿಲ್ಲ. ಅದನ್ನು ಸುಮ್ಮನೆ ಬಿಟ್ಟರೆ ಲಂಟಾನ ಆವರಿಸಿಕೊಳ್ಳುತ್ತದೆ. ಹೊಂಗೆ, ನೇರಳೆ, ಬೇವು, ಹುಣಸೆ ಬೆರೆಸಿ ನೆಟ್ಟರೆ ನೆರಳಾಗುತ್ತದೆ, ತರಗು ಬಿದ್ದು ಮಣ್ಣಿನಲ್ಲಿ ತೇವ ನಿಲ್ಲುತ್ತದೆ. ಹಕ್ಕಿಗಳು ಕೂರಲು ಕೊಂಬೆಯಿದ್ದರೆ ಶ್ರೀಗಂಧದ ಬೀಜ ತಾನಾಗಿ ಬಂದು ಬೀಳುತ್ತದೆ. ಬೇರಿನಿಂದ ಬೇರಿಗೆ ಕೊಂಡಿ ಹಾಕಿ ಬದುಕುವ ಶ್ರೀಗಂಧಕ್ಕೆ ಪಕ್ಕದಲ್ಲಿ ಆಸರೆ ಗಿಡ ಬೇಕೇ ಬೇಕು. ಪೋರ್ಟೊರಿಕೊದ ನೆಡುತೋಪುಗಳನ್ನು ಅಧ್ಯಯನ ಮಾಡಿದ ಏರಿಯಲ್ ಲ್ಯೂಗೊ, ಅವುಗಳ ಅಡಿಯಲ್ಲಿ ಸ್ಥಳೀಯ ಮರಗಳು ಮೇಲೆದ್ದುದನ್ನು 1992ರಲ್ಲೇ ದಾಖಲಿಸಿದ್ದಾರೆ. ಊರಿನ ತೋಪಲ್ಲಿ ಸೌದೆ ಸಿಕ್ಕರೆ ಬೆಟ್ಟದ ಮೇಲೆ ಕೊಡಲಿ ಬೀಳುವುದೂ ಕಡಿಮೆಯಾಗುತ್ತದೆ.

ವಿರೋಧ: ಕುರುಚಲು ಕಾಡು ಖಾಲಿ ಜಾಗವಲ್ಲ

ಬೋಳು ಎಂದು ಹೆಸರಿಟ್ಟ ಗುಡ್ಡದಲ್ಲೇ ತಂಗಡಿ, ಬಂದರಿಕೆ, ಕಾರೆ, ಕಕ್ಕೆ ಇರುತ್ತವೆ. ಮಳೆ ಬಿದ್ದೊಡನೆ ಗೆಡ್ಡೆಯಿಂದ ಚಿಗುರಿ, ಬಿಸಿಲೇರುವ ಹೊತ್ತಿಗೆ ಮಾಯವಾಗುವ ಸಣ್ಣ ಗಿಡಗಳಿರುತ್ತವೆ. ಇವಕ್ಕೆ ಬಿಸಿಲು ಬೇಕು. ಒತ್ತಾದ ತೋಪಿನ ನೆರಳು ಹುಲ್ಲನ್ನೂ ಇವನ್ನೂ ಒಟ್ಟಿಗೆ ಕೊಲ್ಲುತ್ತದೆ. ಟ್ರೆಂಚು, ಗುಂಡಿ ತೋಡುವಾಗ ಮಣ್ಣಿನೊಳಗೆ ಜೀವ ಹಿಡಿದಿದ್ದ ಹಳೆಯ ಬುಡಗಳೂ ಕಿತ್ತುಹೋಗುತ್ತವೆ.

ನೀರಿನ ಲೆಕ್ಕವನ್ನೂ ನೋಡಿ. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಗಳೂರು ಗ್ರಾಮಾಂತರದ್ದೇ ಆದ ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಬೆಳೆದ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ನೀರು ಹೀರಿತ್ತು. ಹಾಗಿದ್ದಲ್ಲಿ ಬುಡದ ಗಿಡಕ್ಕೆ ಉಳಿಯುವುದೇನು? ಪಕ್ಕದ ತುಮಕೂರು ಜಿಲ್ಲೆಯ ರೈತರು 1983ರಲ್ಲೇ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದ್ದರು. ದನ, ಬೆಂಕಿ, ಕೊಡಲಿ ಮೂರನ್ನೂ ದೂರವಿಟ್ಟರೆ ಕುರುಚಲು ಕಾಡು ನೆಡದೆಯೇ ಏಳುತ್ತದೆ.

ತೀರ್ಮಾನ

ಜಗತ್ತಿನ ಹಲವು ಅಧ್ಯಯನಗಳನ್ನು ಲಿಯಾ ಬ್ರೆಮರ್, ಕ್ಯಾಥ್ಲೀನ್ ಫಾರ್ಲೆ 2010ರಲ್ಲಿ ಒಟ್ಟಿಗಿಟ್ಟು ನೋಡಿದರು. ಹಾಳುಬಿದ್ದ ನೆಲದಲ್ಲಿ ಸ್ಥಳೀಯ ಜಾತಿಯ ಮರ ನೆಟ್ಟರೆ ವೈವಿಧ್ಯಕ್ಕೆ ಲಾಭ. ಹುಲ್ಲುಗಾವಲು, ಕುರುಚಲು, ಸಹಜ ಕಾಡನ್ನು ತೆಗೆದು ನೆಟ್ಟರೆ ನಷ್ಟ ಎಂಬುದು ಅವರ ಮಾತಿನ ಸಾರ. ಎರಡೂ ಕಡೆಯವರ ಜಗಳ ಇಲ್ಲಿ ಇತ್ಯರ್ಥವಾಗುತ್ತದೆ. ನೀಲಗಿರಿ ಕಿತ್ತ ಹೊಲ, ಕಲ್ಲುಕ್ವಾರಿಯ ಹಾಳು ನೆಲ ಇವುಗಳಲ್ಲಿ ಬೆರಕೆ ತೋಪು ಬೆಳೆಯಲಿ. ಬೆಟ್ಟದ ಕುರುಚಲಿಗೆ ಗುದ್ದಲಿ ತಾಗದಿರಲಿ. ಯಾವುದು ಹಾಳು ನೆಲ, ಯಾವುದು ಕುರುಚಲು ಎಂದು ತಿಳಿಯಲು ಮೊದಲು ಮಾಡಬೇಕಾದ ಕೆಲಸ, ಗುಂಡಿ ತೋಡುವ ಮುನ್ನ ಒಂದು ಮಳೆಗಾಲ ಕಾದು, ಅಲ್ಲಿ ಏನೇನು ಬೆಳೆಯುತ್ತದೆಂದು ಊರವರೊಂದಿಗೆ ಕೂತು ಪಟ್ಟಿ ಮಾಡುವುದು.