ಗಂಟೆ ಲೆಕ್ಕದ ಹಿಟಾಚಿ, ಲೆಕ್ಕಕ್ಕಿಲ್ಲದ ಚೈನ್

ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಹಿಡಿಯುವ ತನಕ ಸಿಗುವ ಎರಡು ಮೂರು ತಿಂಗಳಲ್ಲಿ ಮಲೆನಾಡಿನ ಬಾಳೂರು, ಜಾವಳಿ, ಕೊಟ್ಟಿಗೆಹಾರ, ಕಳಸದ ಸುತ್ತಿನ ತೋಟಗಳಿಗೆ ಮಣ್ಣಿನ ಕೆಲಸವೆಲ್ಲ ಒಟ್ಟಿಗೇ ಬರುತ್ತದೆ. ಸ್ಪ್ರಿಂಕ್ಲರ್‌ಗೆ ಕೆರೆ ತೆಗೆಸಬೇಕು, ಜೀಪ್ ರಸ್ತೆ ಅಗಲ ಮಾಡಿಸಬೇಕು, ಹಳೆಯ ಮರದ ಬೊಡ್ಡೆ ಕೀಳಿಸಬೇಕು, ಮನೆಗೋ ಹೋಂಸ್ಟೇಗೋ ಗುಡ್ಡ ಕಡಿದು ಜಾಗ ಸಮ ಮಾಡಿಸಬೇಕು. ಎಲ್ಲಕ್ಕೂ ಹಿಟಾಚಿಯೇ ಬೇಕು. ಯಾವ ಕಂಪನಿಯದೇ ಆಗಲಿ, ಕಬ್ಬಿಣದ ಚೈನ್ ಮೇಲೆ ನಡೆದು ಮಣ್ಣು ಅಗೆಯುವ ಯಂತ್ರವನ್ನು ಮಲೆನಾಡು ಕರೆಯುವುದು ಆ ಹೆಸರಿನಿಂದಲೇ.

ಬಾಡಿಗೆ ಗಂಟೆಗೆ ಇಷ್ಟು ಎಂದು. ಯಂತ್ರ ಲಾರಿಯಿಂದ ಇಳಿದು ಮೀಟರ್ ಓಡತೊಡಗಿದ ಮೇಲೆ ತೋಟದವರ ಕಣ್ಣು ಬಕೆಟ್ ಮೇಲೆಯೇ ಇರುತ್ತದೆ. ಬಕೆಟ್ ಆಡಿದರೆ ಕೆಲಸ, ನಿಂತರೆ ದಂಡ. ಆಪರೇಟರ್ ಕೆಳಗಿಳಿದು ಚೈನ್‌ಗೆ ಮೆತ್ತಿದ ಕೆಸರು ಕೆರೆಯುತ್ತ ಕೂತರೆ ಅದು ಕಾಲಹರಣದಂತೆ ಕಾಣುತ್ತದೆ. ಯಂತ್ರದ ಭಾರವೆಲ್ಲ, ಅದರೊಳಗೆ ಕೂತವನ ಜೀವವೂ ಆ ಚೈನ್ ಮೇಲಿದ್ದರೂ ಅದನ್ನು ತೊಳೆದು ನೋಡುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಮಲೆನಾಡಿನ ಈ ಬಾಡಿಗೆ ಪದ್ಧತಿ ಬದಲಾಗಬೇಕು.

ಚೈನ್ ಹುಟ್ಟಿದ್ದೇ ಹೂತುಹೋಗುವ ನೆಲಕ್ಕಾಗಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್‌ಟನ್ ಊರಿನ ಬೆಂಜಮಿನ್ ಹೋಲ್ಟ್, ಚಕ್ರದ ಟ್ರ್ಯಾಕ್ಟರ್‌ಗಳು ನದೀಮುಖಜ ಭೂಮಿಯ ಮೆತ್ತನೆ ಮಣ್ಣಿನಲ್ಲಿ ಮುಳುಗುವುದನ್ನು ನೋಡಿ, 1904ರ ನವೆಂಬರ್‌ನಲ್ಲಿ ಚಕ್ರ ತೆಗೆದು ಚೈನ್ ಪಟ್ಟಿ ಹಾಕಿ ಓಡಿಸಿ ನೋಡಿದ. ಇಂದಿನ 20 ಟನ್ ವರ್ಗದ ಹಿಟಾಚಿಯ ಚೈನ್‌ಗೆ 600 ಮಿಲಿಮೀಟರ್ ಅಗಲದ ಪ್ಲೇಟ್ ಹಾಕಿದರೆ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಆಸುಪಾಸು. ಲಾರಿ ಹೂತುಹೋಗುವ ಹಡ್ಲಿನಲ್ಲಿ ಹಿಟಾಚಿ ದಾಟಿಹೋಗುವುದು ಇದರಿಂದಲೇ.

ಆದರೆ ಆ ಅರ್ಧ ಕಿಲೋ ಲೆಕ್ಕ ಯಂತ್ರ ಸಮನೆಲದಲ್ಲಿ ಸುಮ್ಮನೆ ನಿಂತಾಗಿನದು. ಬೂಮ್ ಚಾಚಿ, ಪಕ್ಕಕ್ಕೆ ತಿರುಗಿ, ಬಕೆಟ್ ತುಂಬ ಒದ್ದೆ ಮಣ್ಣು ಎತ್ತಿದಾಗ ಭಾರ ಒಂದು ಬದಿಯ ಚೈನ್‌ಗೆ, ಅದರಲ್ಲೂ ಅದರ ಹೊರ ಅಂಚಿಗೆ ಸರಿಯುತ್ತದೆ. ಆ ಅಂಚಿನ ಕೆಳಗೆ ಹೊಸದಾಗಿ ಸುರಿದ ಮಣ್ಣಿದ್ದರೆ, ಧರೆಯ ಬಾಯಿದ್ದರೆ, ಯಂತ್ರ ವಾಲತೊಡಗಿದ ಮೇಲೆ ತಡೆಯುವವರು ಯಾರೂ ಇಲ್ಲ. ಅದಕ್ಕೇ ತಯಾರಕರ ಕೈಪಿಡಿಗಳು ಒಂದೇ ಮಾತು ಹೇಳುತ್ತವೆ: ಧರೆಯ ಅಂಚಿನಲ್ಲಿ ಕೆಲಸ ಮಾಡುವಾಗ ಚೈನ್ ಅಂಚಿಗೆ ನೇರ ಮುಖವಾಗಿರಲಿ, ಅಂಚಿನುದ್ದಕ್ಕೂ ಅಡ್ಡ ನಿಲ್ಲುವುದು ಬೇಡ, ಚೈನ್ ಎಳೆಯುವ ಮೋಟಾರು ಹಿಂದಿರಲಿ. ನೆಲ ಬಾಯಿಬಿಟ್ಟರೆ ತಿರುಗಿಸುವ ಗೋಜಿಲ್ಲದೆ ನೇರ ಹಿಂದಕ್ಕೆ ಬರಬಹುದು. ಇಳಿಜಾರಿನಲ್ಲಿ ಅಡ್ಡ ಓಡಿಸಬಾರದು, ನಡುವೆ ದಿಕ್ಕು ಬದಲಿಸಬಾರದು. ನಡೆಸುವಾಗ ಬಕೆಟ್ ನೆಲದಿಂದ 20–30 ಸೆಂಟಿಮೀಟರ್ ಮೇಲಿರಬೇಕು. ಜಾರಿದರೆ ಊರಿ ನಿಲ್ಲಿಸಲು ಇರುವುದು ಅದೊಂದೇ.

ಇನ್ನೊಂದು ಅಪಾಯ ಕ್ಯಾಬಿನ್‌ನಲ್ಲಿ ಕೂತವನಿಗೆ ಕಾಣುವುದಿಲ್ಲ. ಮೇಲಿನ ಭಾಗ ಪೂರ್ತಿ ಹಿಂದುಮುಂದಾಗಿ ತಿರುಗಿದ್ದಾಗ ಲಿವರ್ ಮುಂದೊತ್ತಿದರೆ ಯಂತ್ರ ಹಿಂದಕ್ಕೆ ನಡೆಯುತ್ತದೆ. ಪಕ್ಕದಲ್ಲಿ ಹೆಲ್ಪರ್ ನಿಂತಿದ್ದಾಗ, ಹಿಂದೆ ಕಂದಕವಿದ್ದಾಗ ಈ ಮರೆವು ಒಂದು ಕ್ಷಣದ್ದಾದರೂ ಸಾಕು. ಹೊರಡುವ ಮುನ್ನ ಮೋಟಾರು ಯಾವ ಕಡೆಗಿದೆ ಎಂದು ಒಮ್ಮೆ ಕೆಳಗೆ ನೋಡುವ ಅಭ್ಯಾಸ ಪ್ರತಿ ಆಪರೇಟರಿಗೂ ಇರಬೇಕು.

ಈ ಬೆಟ್ಟಗಳ ಮಣ್ಣು ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರುಗಿ ಮನೆ, ತೋಟ, ಗದ್ದೆ ಹೋದವು. ಚಾರ್ಮಾಡಿ ಘಾಟಿ ಸಾಲುಸಾಲು ಕುಸಿತದಿಂದ ಮುಚ್ಚಿತು. ಆಗ ರಸ್ತೆ ಬಿಡಿಸಲು, ಮಣ್ಣಿನಡಿ ಸಿಕ್ಕಿದ್ದನ್ನು ತೆಗೆಯಲು ಬಂದದ್ದೂ ಇದೇ ಹಿಟಾಚಿಗಳು. ಬೇಸಿಗೆಯಲ್ಲಿ ಗುಡ್ಡದ ಬುಡ ಕಡಿಯುವ ಯಂತ್ರವೇ ಮಳೆಗಾಲದಲ್ಲಿ ಕುಸಿದ ಮಣ್ಣು ತೆಗೆಯಲು ಬರುತ್ತದೆ. ಎಲ್ಲಿ ಕಡಿಯಬಾರದು ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು, ಅದಕ್ಕೆ ಬೇರೆಯೇ ಬರಹ ಬೇಕು. ಆದರೆ ಕಡಿಯುವುದಕ್ಕೋ ತೆರವಿಗೋ ಯಂತ್ರ ಒಮ್ಮೆ ಗುಡ್ಡ ಹತ್ತಿದ ಮೇಲೆ ಅದರ ಚೈನ್ ಗಟ್ಟಿಯಿರಲೇಬೇಕು.

ಮಲೆನಾಡಿನ ಕೆಂಪು ಜೇಡಿ ಚೈನ್‌ಗೆ ಮೊದಲ ಶತ್ರು. ಒದ್ದೆಯಿದ್ದಾಗ ಅದು ಚೈನ್ ಎಳೆಯುವ ಸ್ಪ್ರಾಕೆಟ್ ಚಕ್ರದ ಹಲ್ಲುಗಳ ಸಂದಿಯಲ್ಲಿ, ರೋಲರ್‌ಗಳ ನಡುವೆ ತುಂಬಿಕೊಳ್ಳುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಗೆ ಇಟ್ಟಿಗೆಯಾಗಿರುತ್ತದೆ. ಆಮೇಲೆ ರೋಲರ್ ತಿರುಗದೆ ಒಂದೇ ಕಡೆ ಉಜ್ಜಿ ಚಪ್ಪಟೆಯಾಗುತ್ತದೆ, ಅದರ ಸೀಲ್ ಹರಿದು ಎಣ್ಣೆ ಸೋರುತ್ತದೆ. ಹಲ್ಲಿನ ಸಂದಿಯಲ್ಲಿ ಕೂತ ಮಣ್ಣು ಚೈನನ್ನು ಹೊರಕ್ಕೆ ತಳ್ಳಿ ಬಿಗಿ ಮಾಡುತ್ತದೆ. ಬಿಗಿಯಾದ ಚೈನ್ ಓಡಿದಷ್ಟೂ ಒಳಗಿನ ಪಿನ್ ಮತ್ತು ಬುಷ್ ಸವೆಯುತ್ತವೆ. ಆಪರೇಟರ್‌ಗಳು ಚೈನ್ ಹಿಗ್ಗಿತು ಎನ್ನುವುದು ಇದನ್ನೇ. ಕಬ್ಬಿಣ ಹಿಗ್ಗುವುದಿಲ್ಲ, ಕೀಲು ಸವೆದು ಕೊಂಡಿಗಳ ನಡುವಿನ ಅಂತರ ಬೆಳೆಯುತ್ತದೆ. ಆಗ ಸ್ಪ್ರಾಕೆಟ್ ಹಲ್ಲು ಕೊಂಡಿಗೆ ಸರಿಯಾಗಿ ಕೂರದೆ ಚೂಪಾಗುತ್ತ ಹೋಗುತ್ತದೆ. ಚೈನ್ ಯಂತ್ರವೊಂದರ ಒಟ್ಟು ನಿರ್ವಹಣೆ ಖರ್ಚಿನಲ್ಲಿ ಅರ್ಧದಷ್ಟು ಈ ಕೆಳಭಾಗಕ್ಕೇ ಹೋಗಬಹುದು ಎಂದು ತಯಾರಕರೇ ಹೇಳುತ್ತಾರೆ. ಸಾಲ ಮಾಡಿ ಒಂದೇ ಯಂತ್ರ ಕೊಂಡು ಕಂತು ಕಟ್ಟುತ್ತಿರುವ ಮಾಲೀಕನಿಗೆ ಇದಕ್ಕಿಂತ ದೊಡ್ಡ ಸೋರಿಕೆ ಬೇರೆಲ್ಲೂ ಇಲ್ಲ.

ಹಾಗೆಂದು ಸಡಿಲ ಬಿಟ್ಟರೂ ಆಗದು. ಸಡಿಲ ಚೈನ್, ಅಡ್ಡ ಇಳಿಜಾರು, ನಡುವೆ ಸಿಕ್ಕ ಒಂದು ಕಲ್ಲೋ ಬೇರಿನ ತುಂಡೋ, ಇವು ಮೂರೂ ಸೇರಿದರೆ ಚೈನ್ ಕಳಚಿಕೊಳ್ಳುತ್ತದೆ, ಅದೂ ಸರಿಮಾಡಲು ಅತಿ ಕಷ್ಟದ ಜಾಗದಲ್ಲಿ. ಎಷ್ಟು ಜೋಲಬೇಕು ಎಂಬುದಕ್ಕೆ ಅಳತೆಯಿದೆ. ಬೂಮ್ ಮತ್ತು ತೋಳಿನ ನಡುವೆ 90ರಿಂದ 110 ಡಿಗ್ರಿ ಕೋನವಿಟ್ಟು, ಬಕೆಟ್‌ನ ದುಂಡು ಬೆನ್ನನ್ನು ನೆಲಕ್ಕೊತ್ತಿ ಒಂದು ಬದಿ ಎತ್ತಬೇಕು. ಚೈನನ್ನು ಹಿಂದೆ ಮುಂದೆ ತಿರುಗಿಸಿ ಮಣ್ಣು ಉದುರಿಸಬೇಕು. ಆಮೇಲೆ ನಡುಮಧ್ಯದಲ್ಲಿ, ಚೌಕಟ್ಟಿನ ತಳದಿಂದ ಜೋತುಬಿದ್ದ ಪ್ಲೇಟಿನ ತನಕ ಅಳೆಯಬೇಕು. 20 ಟನ್ ವರ್ಗದ ಹಲವು ಯಂತ್ರಗಳಲ್ಲಿ ಇದು 30 ಸೆಂಟಿಮೀಟರಿಗಿಂತ ತುಸು ಹೆಚ್ಚು. ಖಚಿತ ಅಂಕಿ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಕೆಸರಿನಲ್ಲಿ ಕೆಲಸವಿದ್ದರೆ ಕೊಂಚ ಸಡಿಲ, ಗಟ್ಟಿ ನೆಲದಲ್ಲಿ ಕೊಂಚ ಬಿಗಿ. ಎತ್ತಿದ ಯಂತ್ರದ ಕೆಳಗೆ ಮರದ ದಿಮ್ಮಿ ಕೊಡದೆ ಬರೀ ಬಕೆಟ್ ನಂಬಿ ಯಾರೂ ಕೈ ಹಾಕಬಾರದು. ಹೈಡ್ರಾಲಿಕ್ ಪೈಪ್ ಒಡೆದರೆ ಇಪ್ಪತ್ತು ಟನ್ ಕೆಳಗಿಳಿಯಲು ಹೊತ್ತು ಬೇಡ.

ಆಪರೇಟರ್‌ಗಳಿಗೂ ಹೆಲ್ಪರ್‌ಗಳಿಗೂ ಮತ್ತೆ ಮತ್ತೆ ಹೇಳಬೇಕಾದ ಮಾತೊಂದಿದೆ. ಚೈನ್ ಬಿಗಿ ಮಾಡುವುದು ಗ್ರೀಸ್ ಗನ್‌ನಿಂದ. ಗ್ರೀಸ್ ಒಳಗಿನ ಸಿಲಿಂಡರಿಗೆ ಹೋಗಿ ಮುಂದಿನ ಐಡ್ಲರ್ ಚಕ್ರವನ್ನು ತಳ್ಳುತ್ತದೆ, ಅದರ ಹಿಂದೆ ಭಾರೀ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ಸಡಿಲ ಮಾಡಬೇಕಾದಾಗ ಅಲ್ಲಿರುವ ವಾಲ್ವನ್ನು ನಿಧಾನವಾಗಿ, ಹೆಚ್ಚೆಂದರೆ ಒಂದು ಸುತ್ತಿನ ಆಸುಪಾಸು ಬಿಡಬೇಕು, ಮುಖ ಅದರ ಎದುರಿಗಿರಬಾರದು. ಗ್ರೀಸ್ ಹೊರಬರಲಿಲ್ಲವೆಂದು ಇನ್ನೂ ಬಿಚ್ಚಿದರೆ ವಾಲ್ವ್ ಗುಂಡಿನಂತೆ ಹಾರುತ್ತದೆ. ಗ್ರೀಸ್ ತುಂಬುವ ನಿಪ್ಪಲ್ ಬಿಚ್ಚುವುದಂತೂ ಸಲ್ಲದು. ಗ್ರೀಸ್ ಬಾರದಿದ್ದರೆ ಯಂತ್ರವನ್ನು ಕೊಂಚ ಹಿಂದೆ ಮುಂದೆ ಸರಿಸಿ ನೋಡಬೇಕು, ಆಗಲೂ ಆಗದಿದ್ದರೆ ಕಂಪನಿಯ ಮೆಕ್ಯಾನಿಕ್ಕನ್ನು ಕರೆಯಬೇಕು. ಸ್ಪ್ರಿಂಗ್ ಇರುವ ಭಾಗಕ್ಕೆ ಗ್ಯಾಸ್ ಕಟರ್ ಹಿಡಿದವರು ಜೀವಂತ ಉಳಿದರೆ ಅದು ಅದೃಷ್ಟ ಮಾತ್ರ.

ಒತ್ತಡದ ಗ್ರೀಸ್ ಚರ್ಮದೊಳಗೆ ನುಗ್ಗಿದರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಅರಿಶಿನ ಹಚ್ಚಿ, ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದರೆ ಒಳಗೆ ಬೆರಳು ಸಾಯುತ್ತ ಹೋಗುತ್ತದೆ. ಇದಕ್ಕೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಬೇಕು. ಬಾಳೂರಿನ ಒಳತೋಟದಿಂದ ಮೂಡಿಗೆರೆ ತಲುಪಿ, ಅಲ್ಲಿಂದ ಹಾಸನಕ್ಕೋ ಮಂಗಳೂರಿಗೋ ಹೋಗಬೇಕಾದವರಿಗೆ ಆ ಗಂಟೆಗಳು ರಸ್ತೆಯಲ್ಲೇ ಕಳೆಯುತ್ತವೆ. ಹೀಗಾಗಿ ಗಾಯ ಎಷ್ಟೇ ಚಿಕ್ಕದಿದ್ದರೂ ತಕ್ಷಣ ಹೊರಡಬೇಕು, ವೈದ್ಯರಿಗೆ ಒತ್ತಡದ ಗ್ರೀಸ್ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಕಳಚಿದ ಚೈನ್ ಕೂರಿಸುವಾಗ ಹೆಲ್ಪರ್ ಹಾರೆ ಹಿಡಿದು ಸ್ಪ್ರಾಕೆಟ್ ಪಕ್ಕ ಕೂರುವುದು, ಒಳಗಿನಿಂದ ಆಪರೇಟರ್ ಕೊಂಚ ಕೊಂಚ ಓಡಿಸುವುದು ಎಲ್ಲೆಡೆ ನಡೆಯುತ್ತದೆ. ಹಲ್ಲು ಮತ್ತು ಕೊಂಡಿಯ ನಡುವೆ ಸಿಕ್ಕ ಬೆರಳು ಮರಳಿ ಬರುವುದಿಲ್ಲ. ಕೈ ಪೂರ್ತಿ ಹೊರಗಿದೆ ಎಂದು ಹೆಲ್ಪರ್ ಕೂಗಿ ಹೇಳದೆ ಲಿವರ್ ಮುಟ್ಟಬಾರದು. ಸುತ್ತಿಗೆಯಲ್ಲಿ ಪಿನ್ ಹೊಡೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು; ಸಿಡಿಯುವ ಉಕ್ಕಿನ ಚೂರು ಕಣ್ಣು ತೆಗೆಯಬಲ್ಲದು.

ಇವೆಲ್ಲ ಗೊತ್ತಿಲ್ಲದ ಊರೇನೂ ಇದಲ್ಲ. ಕಳಸದ ಆಚೆಗೇ ಕುದುರೆಮುಖ ಇದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸುವ ತನಕ, ಈ ಮಳೆಯಲ್ಲೇ, ಇದೇ ಬೆಟ್ಟಗಳಲ್ಲೇ ಭಾರೀ ಯಂತ್ರ ನಡೆಸಿತು. ಗಣಿಗೆ 1952ರ ಗಣಿ ಕಾಯ್ದೆ, 1961ರ ನಿಯಮಾವಳಿ, 1966ರ ವೃತ್ತಿ ತರಬೇತಿ ನಿಯಮಗಳು ಅನ್ವಯಿಸುತ್ತಿದ್ದವು. ತರಬೇತಿ, ಅಧಿಕಾರಪತ್ರ, ತಪಾಸಣೆ ಇಲ್ಲದೆ ಯಂತ್ರ ಮುಟ್ಟುವಂತಿರಲಿಲ್ಲ. ಗಣಿಗಾರಿಕೆ ಕಾಡಿಗೆ ಮಾಡಿದ ಹಾನಿ ಬೇರೆ ಮಾತು, ಅದು ನಿಂತದ್ದು ಸರಿಯೇ. ಆದರೆ ಯಂತ್ರ ನಡೆಸುವವನ ಜೀವಕ್ಕೆ ಗಣಿಯೊಳಗೆ ಇದ್ದ ಬೆಲೆ ತೋಟದಲ್ಲೂ ಇರಬೇಕಲ್ಲವೇ?

ತೋಟದಲ್ಲಿ ಕಾನೂನು ತೆಳ್ಳಗಾಗುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿದ್ದುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗಳಿಗೆ. ಒಂದು ಹಿಟಾಚಿ, ಒಬ್ಬ ಆಪರೇಟರ್, ಒಬ್ಬ ಹೆಲ್ಪರ್ ಇರುವ ಕೆಲಸ ಆ ಗೆರೆಯಿಂದ ಹೊರಗೇ ಉಳಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು ನಿರ್ಮಾಣ ಯಂತ್ರಗಳ ವ್ಯಾಖ್ಯೆಯಲ್ಲಿ ರಬ್ಬರ್ ಟೈರು, ರಬ್ಬರ್ ಪ್ಯಾಡು, ಉಕ್ಕಿನ ಡ್ರಮ್ ಚಕ್ರಗಳನ್ನು ಹೆಸರಿಸುತ್ತವೆ, ಉಕ್ಕಿನ ಚೈನನ್ನು ಹೆಸರಿಸುವುದಿಲ್ಲ. ಕಾನೂನು ತಲುಪದ ಕಡೆ ಜವಾಬ್ದಾರಿ ಬೀಳುವುದು ಯಂತ್ರದ ಮಾಲೀಕರ ಮೇಲೆ, ಅಷ್ಟೇ ಮಟ್ಟಿಗೆ ಬಾಡಿಗೆಗೆ ತರಿಸುವ ಬೆಳೆಗಾರರ ಮೇಲೂ.

ಗಂಟೆಗೆ ಇಷ್ಟು ಕೊಟ್ಟು ಮೇಲೆ ತೊಳೆಯುವ ದುಡ್ಡೂ ಕೊಡಬೇಕೇ ಎಂದು ಬೆಳೆಗಾರರು ಕೇಳಬಹುದು. ಕೊಡಬೇಕು. ಕೆಸರು ಅವರ ತೋಟದ್ದು, ಇಳಿಜಾರು ಅವರ ತೋಟದ್ದು, ಮಳೆಗೆ ಮುನ್ನ ಮುಗಿಯಲಿ ಎಂಬ ಅವಸರವೂ ಅವರದ್ದೇ. ಒಮ್ಮೆ ಚೈನ್ ಕಳಚಿದರೆ ಯಂತ್ರ ನಿಲ್ಲುವುದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಸಂಜೆ ಚೈನ್ ತೊಳೆಯಲು ಹೋಗುವ ಅರ್ಧ ಗಂಟೆ ಅದಕ್ಕಿಂತ ಅಗ್ಗ.

ಈ ಯಂತ್ರವನ್ನು ನಂಬಿರುವುದು ತೋಟದ ಕೆಲಸವೊಂದೇ ಅಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದಾಗ, ಅದೇ ತಿಂಗಳು 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಜನ ಕಾದದ್ದು ಈ ಯಂತ್ರಗಳಿಗಾಗಿ. ಚೂರಲ್‌ಮಲದಲ್ಲಿ ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ಕ್ಕೆ ಕಟ್ಟಿ ಮುಗಿಸಿದರು. ಅದರ ತಾಕತ್ತು 24 ಟನ್, ಅಂದರೆ ಒಂದು ಹಿಟಾಚಿ ದಾಟುವಷ್ಟು. ಮೂಡಿಗೆರೆ, ಕಳಸದಲ್ಲಿ ಮುಂದಿನ ಆಷಾಢಕ್ಕೆ ರಸ್ತೆ ಮುಚ್ಚಿದರೆ ಮೊದಲು ಬರುವುದು ಊರಿನಲ್ಲೇ ಇರುವ ಬಾಡಿಗೆ ಯಂತ್ರ. ಬೇಸಿಗೆಯಿಡೀ ತೊಳೆಯದೆ ದುಡಿದ ಚೈನ್ ಅಂದು ಅರ್ಧದಾರಿಯಲ್ಲಿ ಕಳಚಿದರೆ ಕಾಯುತ್ತಿರುವವರಿಗೆ ಯಾರು ಉತ್ತರ ಹೇಳುತ್ತಾರೆ?

ಜಿಲ್ಲಾಡಳಿತ ಮೇ ತಿಂಗಳಲ್ಲಿ ಮಳೆಗಾಲದ ತಯಾರಿ ಸಭೆ ಕರೆಯುವಾಗ ಹಿಟಾಚಿ ಮಾಲೀಕರನ್ನೂ ಆಪರೇಟರ್‌ಗಳನ್ನೂ ಕರೆಯಲಿ. ಪ್ರತಿ ಹೋಬಳಿಯಲ್ಲೂ ಒಂದು ದಿನ ಚೈನ್, ರೋಲರ್, ವಾಲ್ವ್ ತಪಾಸಣೆ ನಡೆಯಲಿ. ಯಂತ್ರ ಚಾಲಕರಿಗೆ ತರಬೇತಿ, ಪ್ರಮಾಣಪತ್ರ ಕೊಡಲು ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಇದೆ. ಆ ತರಬೇತಿ ಮಲೆನಾಡಿನ ಐಟಿಐಗಳಿಗೂ ಬರಲಿ, ಕನ್ನಡದಲ್ಲೇ ಬರಲಿ. ಬೆಳೆಗಾರರ ಸಂಘಗಳು ಬಾಡಿಗೆ ಕರಾರಿನಲ್ಲಿ ಎರಡು ಸಾಲು ಸೇರಿಸಲಿ: ಸಂಜೆ ಅರ್ಧ ಗಂಟೆ ಚೈನ್ ತೊಳೆದು ನೋಡುವುದಕ್ಕೆ, ಅದಕ್ಕೂ ಮೀಟರ್ ದರವೇ; ಈ ಜಾಗದಲ್ಲಿ ಯಂತ್ರ ಇಳಿಸುವುದಿಲ್ಲ ಎಂದು ಆಪರೇಟರ್ ಹೇಳಿದರೆ ಆ ದಿನದ ಬಾಡಿಗೆ ಕಡಿತವಿಲ್ಲ. ಈ ಬೇಸಿಗೆಯಲ್ಲಿ ಹಿಟಾಚಿ ತರಿಸುವವರು ದರ ಮಾತಾಡುವಾಗಲೇ ಈ ಎರಡನ್ನೂ ಮಾತಾಡಿ ಮುಗಿಸಿಕೊಳ್ಳಿ.